ಎಂ.ಎಸ್ಸಿ. ಕನಸಿಗೆ ಎರಡು ಎಲ್‌ಇಡಿ

ಅಧ್ಯಾಪಕ ಬಂಧುಗಳೇ, "ಕನ್ನಡದಲ್ಲಿ ಕಲಿತವರಿಗೆ ಅನ್ವಯಿಕ ಭೌತಶಾಸ್ತ್ರದ ಎಂ.ಎಸ್ಸಿ. ಆಗ್ತದಾ ಸರ್?" ಅಂತ ನಿಮ್ಮ ಮಕ್ಕಳೂ ಕೇಳಿರಬಹುದು. ಬಾಯಲ್ಲಿ ಧೈರ್ಯ ಹೇಳುವುದಕ್ಕಿಂತ ಒಂದು ಪ್ರಯೋಗ ಮಾಡಿಸಿ.

1.5 ವೋಲ್ಟಿನ ಮೂರು ಸೆಲ್, ಪೊಟೆನ್ಷಿಯೋಮೀಟರ್, 330 ಓಮ್ ರೋಧಕ, ಕೆಂಪು ಮತ್ತು ನೀಲಿ ಎಲ್‌ಇಡಿ, ಮಲ್ಟಿಮೀಟರ್ ಸಾಕು. ರೋಧಕವನ್ನು ಎಲ್‌ಇಡಿಯೊಂದಿಗೆ ಸರಣಿಯಲ್ಲಿ ಜೋಡಿಸಿ. ಕೋಣೆ ಕತ್ತಲೆ ಮಾಡಿ ವೋಲ್ಟೇಜ್ ಮೆಲ್ಲನೆ ಏರಿಸಿ. ಬೆಳಕು ಕಂಡ ಕೂಡಲೇ ಎಲ್‌ಇಡಿಯ ಎರಡು ಕಾಲುಗಳ ನಡುವಿನ ವೋಲ್ಟೇಜ್ ಅಳೆಯಿರಿ. ನೀಲಿಗೆ ಕೆಂಪಿಗಿಂತ ಹೆಚ್ಚು ಬೇಕಾಗ್ತದೆ. ಯಾಕೆ? ನೀಲಿ ಬೆಳಕಿನ ಫೋಟಾನಿನ ಶಕ್ತಿ ಹೆಚ್ಚು. 1240ನ್ನು ನ್ಯಾನೋಮೀಟರಿನಲ್ಲಿರುವ ತರಂಗದೂರದಿಂದ ಭಾಗಿಸಿದರೆ ಆ ಶಕ್ತಿ ಎಲೆಕ್ಟ್ರಾನ್ ವೋಲ್ಟಿನಲ್ಲಿ ಸಿಗ್ತದೆ: 630ರ ಕೆಂಪಿಗೆ 1.97, 470ರ ನೀಲಿಗೆ 2.64. ನಿಮ್ಮ ಅಳತೆ ಇದಕ್ಕಿಂತ ತುಸು ಕಡಿಮೆ ಬಂದೀತು. ತಿದ್ದಿ ಬರೆಸಬೇಡಿ, ಕಾರಣ ಹುಡುಕಲಿ. ಎಂ.ಎಸ್ಸಿ. ಪ್ರಯೋಗಾಲಯ ಕಲಿಸುವುದೂ ಅದನ್ನೇ.

ಐಐಟಿಗಳ ಎಂ.ಎಸ್ಸಿ.ಗೆ ಬರೆಯುವ ಜ್ಯಾಮ್ ಪರೀಕ್ಷೆ ಇಂಗ್ಲಿಷಿನಲ್ಲೇ ಇರ್ತದೆ, ನಿಜ. ಅದಕ್ಕೇ ನೋಟ್‌ಪುಸ್ತಕದ ಬದಿಯಲ್ಲಿ ಈಗಿನಿಂದಲೇ ತರಂಗದೂರ–ವೇವ್‌ಲೆಂತ್, ರೋಧ–ರೆಸಿಸ್ಟೆನ್ಸ್ ಅಂತ ಜೋಡಿಪದ ಬರೆಸಿ. ಅರ್ಥ ಕನ್ನಡದಲ್ಲಿ ಗಟ್ಟಿಯಾದರೆ ಪದ ಹಿಂದೆಯೇ ಬರ್ತದೆ.