ನೇತ್ರದ ಒಳಸೋಂಕು: ಚಿಕಿತ್ಸೆ ಮತ್ತು ಮುನ್ನೆಚ್ಚರಿಕೆ

‘ನೇತ್ರ’ವೆಂಬುದು ‘ನೀ’ ಧಾತುವಿನಿಂದ ನಿಷ್ಪನ್ನವಾದ ಶಬ್ದ. ಕರೆದೊಯ್ಯುವಂಥದು ಎಂಬುದು ಅದರ ಅರ್ಥ. ಆ ಮಾರ್ಗದರ್ಶಿಯನ್ನೇ ಕೆಲವು ದಿನಗಳಲ್ಲಿ ಕುರುಡಾಗಿಸಬಲ್ಲ ವ್ಯಾಧಿಯೊಂದುಂಟು. ವೈದ್ಯರು ಅದನ್ನು ಎಂಡಾಫ್ಥಾಲ್ಮೈಟಿಸ್ ಎನ್ನುವರು.

ಕಣ್ಣುಗುಡ್ಡೆಯ ಒಳಗೆ ಕಾಚಕರಸವೆಂಬ ತಿಳಿಯಾದ ಲೋಳೆ ತುಂಬಿಕೊಂಡಿದೆ. ಪೊರೆಯ ಶಸ್ತ್ರಚಿಕಿತ್ಸೆಯ ಗಾಯದಿಂದಲೋ, ಮುಳ್ಳು ತಂತಿಗಳು ಚುಚ್ಚಿದ ರಂಧ್ರದಿಂದಲೋ ರೋಗಾಣುಗಳು ಒಳಹೊಕ್ಕರೆ ಅವಕ್ಕೆ ಅದು ಹದವಾದ ಹೊಲವಾಗುವುದು. ರಕ್ತದೊಳಗಿನ ಬೇಡದ ವಸ್ತುಗಳು ಕಣ್ಣನ್ನು ಸೇರದಂತೆ ನಿಸರ್ಗವು ತಡೆಗೋಡೆಯೊಂದನ್ನು ಕಟ್ಟಿದೆ. ಕಾವಲಿಗೆಂದು ಕಟ್ಟಿದ ಆ ಗೋಡೆಯೇ ಇಲ್ಲಿ ಔಷಧಕ್ಕೂ ಅಡ್ಡಿಯಾಗುತ್ತದೆ. ನುಂಗಿದ ಮಾತ್ರೆಯಾಗಲಿ ಹಾಕಿದ ಹನಿಯಾಗಲಿ ಸಾಲುವಷ್ಟು ಒಳಗೆ ತಲಪದು. ಆದುದರಿಂದ ವೈದ್ಯರು ಕಾಚಕರಸದ ಅಂಶವನ್ನು ಪರೀಕ್ಷೆಗೆ ತೆಗೆದು, ಸಾಮಾನ್ಯವಾಗಿ ವ್ಯಾಂಕೋಮೈಸಿನ್ 1 ಮಿಲಿಗ್ರಾಂ, ಸೆಫ್ಟಾಜಿಡೀಮ್ 2.25 ಮಿಲಿಗ್ರಾಂ ಮದ್ದುಗಳನ್ನು ಸೂಜಿಯಿಂದ ನೇರವಾಗಿ ಕಣ್ಣೊಳಗೇ ಸೇರಿಸುತ್ತಾರೆ. ಪೊರೆ ಶಸ್ತ್ರಕ್ರಿಯೆಯ ಅನಂತರ ಸೋಂಕು ತಗುಲಿದವರನ್ನು ಕುರಿತು ಅಮೆರಿಕದಲ್ಲಿ ನಡೆದ ಅಧ್ಯಯನವೊಂದು 1995ರಲ್ಲಿ ಪ್ರಕಟವಾಯಿತು. ಬೆಳಕಿನ ಅರಿವಷ್ಟೇ ಉಳಿದವರಿಗೆ ಕಾಚಕರಸವನ್ನು ಒಡನೆಯೇ ಹೊರತೆಗೆಯುವ ಶಸ್ತ್ರಕ್ರಿಯೆಯಿಂದ ಹೆಚ್ಚಿನ ಗುಣವೆಂದೂ, ಅದಕ್ಕಿಂತ ಮೇಲಾದ ದೃಷ್ಟಿಯುಳ್ಳವರಿಗೆ ಸೂಜಿಮದ್ದೇ ಅಷ್ಟು ಫಲವೀಯುವುದೆಂದೂ ಅದು ತೋರಿಸಿತು.

ಬಂದುದನ್ನು ಗುಣಪಡಿಸುವುದಕ್ಕಿಂತ ಬಾರದಂತೆ ತಡೆಯುವುದು ಸುಲಭ. ರೋಗಾಣುಗಳು ಬಹುಮಟ್ಟಿಗೆ ರೋಗಿಯ ರೆಪ್ಪೆಯಲ್ಲೇ ನೆಲಸಿರುವಂಥವು. ಶಸ್ತ್ರಕ್ರಿಯೆಗೆ ಮೊದಲು ಕಣ್ಣಿಗೆ ಶೇಕಡಾ 5ರ ಪೊವಿಡೋನ್ ಅಯೋಡಿನ್ ಹನಿಸಿ, ಕೆಲವು ನಿಮಿಷ ಬಿಟ್ಟರೆ ಅವು ಬಹುವಾಗಿ ಕುಗ್ಗುತ್ತವೆ. ಮದುರೆಯ ಅರವಿಂದ ನೇತ್ರಾಲಯದವರು ಶಸ್ತ್ರಕ್ರಿಯೆಯ ಕೊನೆಗೆ ಕಣ್ಣೊಳಗೆ ಮಾಕ್ಸಿಫ್ಲಾಕ್ಸಸಿನ್ ಸೇರಿಸುವ ಪದ್ಧತಿಯನ್ನು ಕೈಕೊಂಡರು. ಆರು ಲಕ್ಷಕ್ಕೂ ಮಿಕ್ಕ ಕಣ್ಣುಗಳನ್ನು ಲೆಕ್ಕಕ್ಕೆ ತೆಗೆದುಕೊಂಡ ಅವರ 2017ರ ವರದಿಯ ಮೇರೆಗೆ, 10,000ಕ್ಕೆ 7ರಷ್ಟಿದ್ದ ಸೋಂಕು 2ಕ್ಕೆ ಇಳಿಯಿತು.

ಆದರೂ ಅಪಾಯ ಪೂರ್ಣವಾಗಿ ಅಳಿಯದು. ಹೆಚ್ಚಾಗಿ ಮೊದಲ ಒಂದೆರಡು ವಾರಗಳಲ್ಲಿ ಅದು ತಲೆದೋರುವುದು. ಕಣ್ಣು ಕೆಂಪಡರುವುದು, ನೋವು ಹೆಚ್ಚುವುದು, ರೆಪ್ಪೆ ಊದುವುದು ಇದರ ಲಕ್ಷಣಗಳು. ಕೆಲವರಲ್ಲಿ ನೋವೇ ಇರದು; ತಿಳಿಯಾಗಿದ್ದ ನೋಟ ಮತ್ತೆ ಮಸುಕಾಗುವುದೊಂದೇ ಎಚ್ಚರಿಕೆ. ‘ಕೊಯ್ದ ಕಣ್ಣು, ಎರಡು ದಿನ ನೋಯುವುದು ಸಹಜ’ ಎಂದು ಮನೆಯವರು ಸಂತೈಸುವುದು ಮಮತೆಯೇ ಸರಿ. ಆದರೆ ಆ ಎರಡು ದಿನಗಳಲ್ಲಿಯೇ ದೃಷ್ಟಿ ನಂದಬಹುದು. ಮರುಪರೀಕ್ಷೆಯ ದಿನವನ್ನು ಕಾಯದೆ ಅಂದೇ, ರಾತ್ರಿಯಾದರೆ ರಾತ್ರಿಯೇ, ನೇತ್ರವೈದ್ಯರಲ್ಲಿಗೆ ಹೋಗತಕ್ಕದ್ದು.

ನೇತ್ರಶಿಬಿರಗಳನ್ನು ನಡೆಸುವ ದಾನಿಗಳೂ ಇದನ್ನು ನೆನೆಯಬೇಕು. ಶಸ್ತ್ರಚಿಕಿತ್ಸೆಯ ದಿನದ ಊಟ, ಕನ್ನಡಕಗಳಿಗೆ ಮಾಡುವ ವೆಚ್ಚದಲ್ಲಿ ಒಂದು ಪಾಲನ್ನು, ಅನಂತರದ ವಾರಗಳಲ್ಲಿ ಹಳ್ಳಿಯ ವೃದ್ಧರನ್ನು ವಿಚಾರಿಸಲು, ಬೇಕಾದರೆ ವಾಹನದಲ್ಲಿ ಆಸ್ಪತ್ರೆಗೆ ಮರಳಿ ಕರೆತರಲು ಮೀಸಲಿಟ್ಟರೆ, ಕೊಟ್ಟ ಕಣ್ಣು ಉಳಿಯುವುದು.