ಮಾಹಿತಿ ಕಣಜ: ವಾರ್ಡ್ ಸಭೆಗೆ ಮುನ್ನ ಸದಸ್ಯರ ಅಭ್ಯಾಸ

ಮಾಹಿತಿ ಹಕ್ಕು ಅಧಿನಿಯಮ, 2005ರ 4ನೇ ಪ್ರಕರಣದನ್ವಯ ಸಾರ್ವಜನಿಕ ಪ್ರಾಧಿಕಾರಗಳು, ಯಾರೂ ಅರ್ಜಿ ಸಲ್ಲಿಸದಿದ್ದರೂ, ನಿಗದಿತ ಮಾಹಿತಿಯನ್ನು ಸ್ವಯಂಪ್ರೇರಿತವಾಗಿ ಪ್ರಕಟಿಸತಕ್ಕದ್ದು. ರಾಜ್ಯ ಸರ್ಕಾರದ ‘ಮಾಹಿತಿ ಕಣಜ’ ಜಾಲತಾಣದ ಆಶಯವೂ ಇದೇ. ಹಲವು ಇಲಾಖೆಗಳ ಯೋಜನಾ ವಿವರಗಳು ಅಲ್ಲಿ ಲಭ್ಯ.

ಪಟ್ಟಿಯಲ್ಲಿ ಇರುವ ಹೆಸರಿನಷ್ಟೇ ಇಲ್ಲದಿರುವ ಹೆಸರೂ ಮುಖ್ಯ. ವಿಧವಾ ವೇತನಕ್ಕೆ ಅರ್ಹರಾದ ತಾಯಿಯೊಬ್ಬರು ಬಿಟ್ಟುಹೋಗಿರುವುದನ್ನು ಗಣಕಯಂತ್ರ ತಿಳಿಸದು. ಅವರ ಮನೆಯನ್ನು ಬಲ್ಲ ಸದಸ್ಯರೇ ತಿಳಿಸಬೇಕು. ಆದುದರಿಂದ:

1. ವಾರ್ಡ್ ಸಭೆಗೆ ಮುನ್ನ ಪಿಂಚಣಿ ವಿವರಗಳನ್ನು ಮುದ್ರಿಸಿಕೊಳ್ಳುವುದು.

2. ಸಭೆಯಲ್ಲಿ ಓದಿ, ಬಿಟ್ಟುಹೋದ ಅರ್ಹರನ್ನೂ ಮೃತಪಟ್ಟವರ ಹೆಸರುಗಳನ್ನೂ ಗುರುತಿಸುವುದು.

3. ನಡಾವಳಿಯಲ್ಲಿ ದಾಖಲಿಸಿ ನಾಡಕಚೇರಿಗೆ ಕಳುಹಿಸುವುದು; ಮುಂದಿನ ಸಭೆಯಲ್ಲಿ ಅನುಪಾಲನೆಯನ್ನು ಪರಿಶೀಲಿಸುವುದು.

ಆಧಾರ್ ಹಾಗೂ ಬ್ಯಾಂಕ್ ಖಾತೆ ಸಂಖ್ಯೆಗಳನ್ನು ಸಭೆಯಲ್ಲಿ ಓದಬಾರದು; ಸೂಚನಾ ಫಲಕದಲ್ಲಿಯೂ ಪ್ರಕಟಿಸಬಾರದು.