ಬಟ್ಟಲು ಬದಲಿಸದೆ ಸೂಜಿ ಹಿಡಿದರೆ

ಬೆಕ್ಕಿಗೆ ಸಕ್ಕರೆ ಕಾಯಿಲೆ ಎಂದು ಗೊತ್ತಾದ ವಾರ ಮನೆಯಲ್ಲಿ ಆಗುವ ಅತಿ ದುಬಾರಿ ತೀರ್ಮಾನ ಯಾವುದೆಂದರೆ, ಯಾರೂ ಅದನ್ನು ತೀರ್ಮಾನ ಎಂದೇ ಎಣಿಸದ ಒಂದು ಮಾತು: ‘ಇನ್ಸುಲಿನ್ ಶುರು ಮಾಡಿಬಿಡೋಣ, ಊಟ ಈಗಿನದೇ ಇರಲಿ.’ ಕಾರಣಗಳೇನೋ ಇರುತ್ತವೆ. ಡ್ರೈ ಫುಡ್ಡಿನ ದೊಡ್ಡ ಚೀಲ ಇನ್ನೂ ಅರ್ಧ ಇದೆ, ಬೆಕ್ಕು ಅದನ್ನು ಇಷ್ಟಪಟ್ಟು ತಿನ್ನುತ್ತದೆ, ರಕ್ತ ಪರೀಕ್ಷೆ, ಸ್ಕ್ಯಾನ್ ಅಂತ ಆಗಲೇ ಕೈ ಬರಿದಾಗಿದೆ. ಮೊದಲು ಔಷಧಿ ಹಿಡಿಯಲಿ, ಉಳಿದದ್ದು ಆಮೇಲೆ ನೋಡಿದರಾಯಿತು ಎನ್ನುವುದು ನಮ್ಮ ಸಹಜ ಲೆಕ್ಕ. ನನ್ನ ವಾದ ಇದಕ್ಕೆ ತದ್ವಿರುದ್ಧ. ಈ ಕಾಯಿಲೆಯಲ್ಲಿ ಕೈ ಬಿಗಿ ಹಿಡಿಯಬಾರದ ಕಾಲ ಒಂದೇ, ಅದು ಮೊದಲ ಆರು ತಿಂಗಳು. ಆ ಹಣವೂ ಹೋಗಬೇಕಾದದ್ದು ಔಷಧಿಗಿಂತ ಹೆಚ್ಚಾಗಿ ಬಟ್ಟಲಿಗೆ ಮತ್ತು ಗ್ಲುಕೋಮೀಟರಿನ ಸ್ಟ್ರಿಪ್‌ಗಳಿಗೆ.

ಆರೇ ತಿಂಗಳು ಏಕೆ? ಬೆಕ್ಕಿನ ಮಧುಮೇಹ ಹೆಚ್ಚಿನ ಪಾಲು ನಮ್ಮ ಟೈಪ್ 2ರ ಜಾತಿಯದು. ಮೇದೋಜೀರಕದ ಕೋಶಗಳು ಒಮ್ಮೆಗೇ ಸತ್ತಿರುವುದಿಲ್ಲ; ಏರಿದ ಸಕ್ಕರೆಯ ಹೊಡೆತಕ್ಕೆ ಸುಸ್ತಾಗಿ ಕೈಚೆಲ್ಲಿರುತ್ತವೆ. ಬೇಗ ಸಕ್ಕರೆ ಇಳಿಸಿದರೆ ಎಷ್ಟೋ ಬೆಕ್ಕುಗಳಲ್ಲಿ ಅವು ಚೇತರಿಸಿಕೊಂಡು, ಇನ್ಸುಲಿನ್ ನಿಲ್ಲಿಸುವ ಹಂತವೂ ಬರುತ್ತದೆ. ತಡ ಮಾಡಿದಷ್ಟೂ ಆ ಬಾಗಿಲು ಮುಚ್ಚುತ್ತಾ ಹೋಗುತ್ತದೆ. ಕರ್ಸ್ಟನ್ ರೂಂಪ್ ಮತ್ತು ಜಾಕಿ ರ‍್ಯಾಂಡ್ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕಾಯಿಲೆ ಪತ್ತೆಯಾಗಿ ಆರು ತಿಂಗಳೊಳಗೆ ಬಿಗಿ ನಿಯಂತ್ರಣಕ್ಕೆ ಬಂದ ಬೆಕ್ಕುಗಳಲ್ಲಿ ಶೇ 84ರಷ್ಟು ಇನ್ಸುಲಿನ್ ಬಿಟ್ಟವು. ತಡವಾಗಿ ಆರಂಭಿಸಿದವುಗಳಲ್ಲಿ ಶೇ 35 ಮಾತ್ರ. ಈ ಅಂಕಿಗೆ ಆಕ್ಷೇಪ ಇದೆ, ಸರಿಯಾದ ಆಕ್ಷೇಪವೇ. ಅಲ್ಲಿದ್ದ ಮಾಲೀಕರು ದಿನಕ್ಕೆ ಹಲವು ಸಲ ಮನೆಯಲ್ಲೇ ಶುಗರ್ ನೋಡುತ್ತಿದ್ದ ಶ್ರದ್ಧಾವಂತರು, ಗ್ಲಾರ್ಜಿನ್ ಇನ್ಸುಲಿನ್ನಿನ ಜೊತೆ ಪಿಷ್ಟ ಕಡಿಮೆಯ ಒದ್ದೆ ಆಹಾರವನ್ನೇ ಕೊಡುತ್ತಿದ್ದವರು. ನಮ್ಮ ನಿಮ್ಮ ಮನೆಯಲ್ಲಿ ಅಷ್ಟು ಫಲ ಸಿಗಲಿಕ್ಕಿಲ್ಲ. ಆದರೆ ಎರಡೂ ಗುಂಪಿನವರು ಅದೇ ಶ್ರದ್ಧೆಯವರಾಗಿದ್ದೂ ತಡವಾದವರಿಗೆ ಅರ್ಧಕ್ಕಿಂತ ಕಡಿಮೆ ಸಿಕ್ಕಿತು ಎನ್ನುವುದನ್ನು ಈ ಆಕ್ಷೇಪ ಅಲ್ಲಗಳೆಯುವುದಿಲ್ಲ.

ಇನ್ನು ಬಟ್ಟಲು. ಬೆಕ್ಕು ಮಾಂಸಾಹಾರಕ್ಕೇ ಹುಟ್ಟಿದ ಪ್ರಾಣಿ. ಸಕ್ಕರೆಯ ದೊಡ್ಡ ಹೊರೆಯನ್ನು ಸಂಭಾಳಿಸುವ ಗ್ಲುಕೋಕೈನೇಸ್ ಕಿಣ್ವ ಅದರ ಯಕೃತ್ತಿನಲ್ಲಿ ಬಹಳ ಕಡಿಮೆ. ಇಲಿಯ ಮೈಯಲ್ಲಿ ಪಿಷ್ಟ ಎಷ್ಟಿದ್ದೀತು? ಮಧುಮೇಹದ ಬೆಕ್ಕಿಗೆ ಒಟ್ಟು ಕ್ಯಾಲೊರಿಯಲ್ಲಿ ಕಾರ್ಬೊಹೈಡ್ರೇಟ್ ಪಾಲು ಶೇ 12ರ ಒಳಗಿರಲಿ ಎಂಬುದು ಪಶುವೈದ್ಯರ ಸಾಮಾನ್ಯ ಸಲಹೆ. ಆದರೆ ಪ್ಯಾಕೆಟ್ಟಿನ ಮೇಲೆ ಆ ಅಂಕಿ ಸಾಮಾನ್ಯವಾಗಿ ಇರುವುದಿಲ್ಲ, ನಾವೇ ತೆಗೆಯಬೇಕು. ಒಂದು ಡ್ರೈ ಫುಡ್ಡಿನ ಚೀಟಿಯಲ್ಲಿ ಪ್ರೋಟೀನ್ 32, ಕೊಬ್ಬು 14, ನಾರು 4, ತೇವಾಂಶ 10 ಎಂದಿದೆ ಅನ್ನಿ. ಬೂದಿ ಅಂಶ ಬರೆದಿಲ್ಲದಿದ್ದರೆ 8 ಎಂದು ಹಿಡಿಯಿರಿ. ಎಲ್ಲ ಕೂಡಿದರೆ 68; ನೂರಕ್ಕೆ ಉಳಿದ 32 ಗ್ರಾಂ ಕಾರ್ಬೊಹೈಡ್ರೇಟ್. ಪ್ರೋಟೀನಿಗೂ ಕಾರ್ಬೊಹೈಡ್ರೇಟಿಗೂ ಗ್ರಾಂಗೆ 3.5, ಕೊಬ್ಬಿಗೆ 8.5 ಕ್ಯಾಲೊರಿಯಂತೆ ಗುಣಿಸಿದರೆ 112, 112, 119, ಒಟ್ಟು 343. ಇದರಲ್ಲಿ ಕಾರ್ಬೊಹೈಡ್ರೇಟಿನ 112 ಅಂದರೆ ಶೇ 33! ಈಗ ಒದ್ದೆ ಆಹಾರದ ಪೌಚ್ ನೋಡಿ: ಪ್ರೋಟೀನ್ 10, ಕೊಬ್ಬು 5, ನಾರು 1, ತೇವಾಂಶ 80, ಬೂದಿ 2. ಉಳಿಯುವುದು 2 ಗ್ರಾಂ. ಒಟ್ಟು ಕ್ಯಾಲೊರಿ 84.5, ಕಾರ್ಬೊಹೈಡ್ರೇಟಿನದು 7, ಅಂದರೆ ಶೇ 8 ಚಿಲ್ಲರೆ. ಚೀಟಿಯ ಅಂಕಿಗಳೇ ‘ಕನಿಷ್ಠ’, ‘ಗರಿಷ್ಠ’ ಎಂದು ಇರುವುದರಿಂದ ಇದು ಅಂದಾಜು ಲೆಕ್ಕ. ಆದರೂ ಮೂವತ್ತಮೂರಕ್ಕೂ ಎಂಟಕ್ಕೂ ಇರುವ ಅಂತರವನ್ನು ಯಾವ ಅಂದಾಜೂ ಮುಚ್ಚಿಹಾಕಲಾರದು.

ಈ ಅಂತರಕ್ಕೆ ಬೆಲೆ ತೆರಬೇಕು, ನಿಜ. 4 ಕೆಜಿಯ ಬೆಕ್ಕಿಗೆ ದಿನಕ್ಕೆ ಹತ್ತಿರಹತ್ತಿರ 200 ಕ್ಯಾಲೊರಿ ಬೇಕು. ಮೇಲಿನ ಡ್ರೈ ಫುಡ್ಡಾದರೆ 58 ಗ್ರಾಂ ಸಾಕು. ಕೆಜಿಗೆ ₹500 ಎಂದಿಟ್ಟುಕೊಂಡರೆ ತಿಂಗಳಿಗೆ ₹870. ಅದೇ 200 ಕ್ಯಾಲೊರಿ 85 ಗ್ರಾಂನ ಪೌಚಿನಿಂದ ಬರಬೇಕಾದರೆ ದಿನಕ್ಕೆ ಮೂರಕ್ಕೆ ಸ್ವಲ್ಪ ಕಡಿಮೆ. ಒಂದಕ್ಕೆ ₹45 ಹಿಡಿದರೂ ತಿಂಗಳಿಗೆ ₹3,800ರ ಸಮೀಪ. ದರಗಳು ಉದಾಹರಣೆಗೆ ಮಾತ್ರ, ನಿಮ್ಮ ಅಂಗಡಿಯವನ್ನು ಹಾಕಿಕೊಳ್ಳಿ. ಆರು ತಿಂಗಳಿಗೆ ಹೆಚ್ಚುವರಿ ಹೊರೆ ₹17,000 ದಾಟುತ್ತದೆ. ಇನ್ಸುಲಿನ್ ನಿಂತ ಮೇಲೂ ಈ ಆಹಾರ ಮುಂದುವರಿಯಬೇಕು, ಏಕೆಂದರೆ ಕಾಯಿಲೆ ಅಡಗಿರುತ್ತದೆಯೇ ಹೊರತು ವಾಸಿಯಾಗಿರುವುದಿಲ್ಲ, ಕೆಲವು ಬೆಕ್ಕುಗಳಲ್ಲಿ ಮರುಕಳಿಸುತ್ತದೆ ಕೂಡ. ಹಾಗಾದರೆ ಲಾಭವೆಲ್ಲಿ? ಎರಡು ಕಡೆ. ನಿಯಂತ್ರಣ ತಪ್ಪಿದ ಬೆಕ್ಕು ರಕ್ತ ಆಮ್ಲೀಯವಾಗುವ ಕೀಟೋ ಅಸಿಡೋಸಿಸ್‌ಗೆ ಜಾರಿ ಖಾಸಗಿ ಆಸ್ಪತ್ರೆಯಲ್ಲಿ ನಾಲ್ಕು ದಿನ ಡ್ರಿಪ್ ಹಾಕಿಸಿಕೊಂಡು ಮಲಗಿದರೆ, ಚೀಲದಲ್ಲಿ ಉಳಿಸಿದ್ದೆಲ್ಲ ಅಲ್ಲೇ ಕರಗುತ್ತದೆ. ಎರಡನೆಯದು ಯಾವ ರಸೀದಿಯಲ್ಲೂ ಕಾಣದ ಖರ್ಚು: ಹನ್ನೆರಡು ಗಂಟೆಗೊಮ್ಮೆ ಚುಚ್ಚುಮದ್ದು ಎಂದರೆ ಹಬ್ಬಕ್ಕೆ ಊರಿಗೆ ಹೋಗುವುದೂ, ಸಂಜೆಯ ಮದುವೆ ಆರತಕ್ಷತೆಯೂ, ತಡರಾತ್ರಿಯ ಆಫೀಸು ಕೆಲಸವೂ ಬೆಕ್ಕಿನ ಗಡಿಯಾರಕ್ಕೆ ಕಟ್ಟುಬಿದ್ದಂತೆ. ಸೂಜಿ ಹಾಕಲು ಬರುವ ಒಬ್ಬರನ್ನು ದುಡ್ಡು ಕೊಟ್ಟು ಹುಡುಕಿದವರಿಗೆ ಇದರ ಬೆಲೆ ಗೊತ್ತು.

ಇಲ್ಲೇ ‘ಗ್ರೇನ್ ಫ್ರೀ’ ಚೀಲದ ಬಗ್ಗೆ ಒಂದು ಮಾತು, ನನಗೆ ತಾಳ್ಮೆ ಇಲ್ಲದ ಸರಕು ಅದು. ಗೋಧಿ, ಜೋಳ, ಅಕ್ಕಿ ತೆಗೆದೆವು ಎಂದು ದೊಡ್ಡಕ್ಷರದಲ್ಲಿ ಬರೆಯುತ್ತಾರೆ. ಆ ಜಾಗಕ್ಕೆ ಆಲೂಗಡ್ಡೆ, ಬಟಾಣಿ, ಮರಗೆಣಸು ತುಂಬಿದ್ದನ್ನು ಹಿಂಬದಿಯಲ್ಲಿ ಇರುವೆ ಅಕ್ಷರದಲ್ಲಿ. ಒಣ ಕಾಳು ಕಾಳಾಗಿ ನಿಲ್ಲಲು ಅಂಟಿಗೆ ಪಿಷ್ಟ ಬೇಕೇ ಬೇಕು. ಅದು ಭತ್ತದಿಂದ ಬಂದರೇನು, ಗೆಣಸಿನಿಂದ ಬಂದರೇನು, ಬೆಕ್ಕಿನ ರಕ್ತದಲ್ಲಿ ಅದು ಗ್ಲುಕೋಸೇ. ಮೇಲಿನ ಲೆಕ್ಕವನ್ನು ಅಂಗಡಿಯಲ್ಲೇ ನಿಂತು ಮೊಬೈಲಿನಲ್ಲಿ ಮಾಡಿ ನೋಡಿ. ಆಮೇಲೂ ಆ ಚೀಲಕ್ಕೆ ದುಪ್ಪಟ್ಟು ದುಡ್ಡು ಕೊಡುವ ಮನಸ್ಸು ಉಳಿದರೆ ನನ್ನ ತಕರಾರಿಲ್ಲ. ‘ಡಯಾಬಿಟಿಕ್’ ಎಂದು ಬರೆದ ಒಣ ಆಹಾರಗಳು ಇದಕ್ಕಿಂತ ಪ್ರಾಮಾಣಿಕ, ಆದರೆ ಅವನ್ನೂ ಹೆಸರು ನೋಡಿಯಲ್ಲ, ಅದೇ ಗುಣಾಕಾರ ಹಾಕಿ ಕೊಳ್ಳಬೇಕು.

ಹೋಲಿಸಿದರೆ ಇನ್ಸುಲಿನ್ ನಮ್ಮಲ್ಲಿ ಅಗ್ಗದ ಬಾಬ್ತು, ಇದನ್ನು ಹೆಚ್ಚಿನವರು ತಲೆಕೆಳಗು ಮಾಡಿಕೊಂಡಿರುತ್ತಾರೆ. ಇಂಟರ್ನೆಟ್ಟಿನಲ್ಲಿ ಸಿಗುವ ಉಳಿತಾಯದ ಸಲಹೆಗಳು ಬಹುಪಾಲು ಅಮೆರಿಕದವು. ಅಲ್ಲಿ ಲ್ಯಾಂಟಸ್ ಎಂಬ ಬ್ರ್ಯಾಂಡಿನ ಗ್ಲಾರ್ಜಿನ್ ಬೆಲೆ ಎಷ್ಟು ಏರಿತ್ತೆಂದರೆ 2024ರ ಜನವರಿಯಿಂದ ಸನೋಫಿ ಕಂಪನಿ ಅದರ ಪಟ್ಟಿ ಬೆಲೆಯನ್ನು ಶೇ 78ರಷ್ಟು ಇಳಿಸಿದ್ದೇ ದೊಡ್ಡ ಸುದ್ದಿಯಾಯಿತು. ಇಲ್ಲಿ ಬೆಂಗಳೂರಿನ ಬಯೋಕಾನ್ ಸೇರಿ ಹಲವರು ಗ್ಲಾರ್ಜಿನ್ ತಯಾರಿಸುತ್ತಾರೆ; 2022ರ ಅಗತ್ಯ ಔಷಧಿಗಳ ರಾಷ್ಟ್ರೀಯ ಪಟ್ಟಿಗೂ ಅದು ಸೇರಿದೆ. ದಿನಕ್ಕೆರಡು ಸಲ ಒಂದೊಂದು ಯೂನಿಟ್ ಆದರೆ ತಿಂಗಳಿಗೆ 60 ಯೂನಿಟ್ ಸಾಕು. 3 ಎಂಎಲ್ ಕಾರ್ಟ್ರಿಡ್ಜಿನಲ್ಲಿ 300 ಇರುತ್ತವೆ. ತೆರೆದ 28 ದಿನಕ್ಕೆ ಎಸೆಯಿರಿ ಎನ್ನುವ ಚೀಟಿಯ ಮಾತನ್ನು ಪಾಲಿಸಿದರೆ ಐದರಲ್ಲಿ ನಾಲ್ಕು ಪಾಲು ಕಸಕ್ಕೆ. ಹಾಗಿರುವಾಗ ‘ಯೂನಿಟ್‌ಗೆ ಅಗ್ಗ’ ಎಂದು 10 ಎಂಎಲ್ ವಯಲ್ ಕೊಳ್ಳುವುದರಲ್ಲಿ ಅರ್ಥವಿಲ್ಲ. ಜುಗ್ಗತನ ಮಾಡಲೇಬಾರದ ವಸ್ತು ಸಿರಿಂಜ್. ನಮ್ಮ ಮೆಡಿಕಲ್ ಶಾಪುಗಳಲ್ಲಿ ಕೆಂಪು ಮುಚ್ಚಳದ 40ರ (ಎಂಎಲ್‌ಗೆ 40 ಯೂನಿಟ್ ಲೆಕ್ಕದ) ಸಿರಿಂಜೂ ಕೇಸರಿ ಮುಚ್ಚಳದ 100ರ ಸಿರಿಂಜೂ ಅಕ್ಕಪಕ್ಕ ಇರುತ್ತವೆ. ಗ್ಲಾರ್ಜಿನ್ ಎಂಎಲ್‌ಗೆ 100 ಯೂನಿಟ್ಟಿನದು. ಅದನ್ನು ಕೆಂಪು ಮುಚ್ಚಳದ್ದರಲ್ಲಿ ಒಂದು ಗೆರೆ ಎಳೆದರೆ ಒಳಗೆ ಹೋಗುವುದು ಒಂದಲ್ಲ, ಎರಡೂವರೆ ಯೂನಿಟ್. ನಾಲ್ಕು ಕೆಜಿಯ ಜೀವಕ್ಕೆ ಅದು ಲೋ ಶುಗರ್, ಸೆಳೆತ, ನಡುರಾತ್ರಿಯ ಆಟೋ, ಎಮರ್ಜೆನ್ಸಿ ಬಿಲ್ಲು.

ಶುಗರ್ ಪರೀಕ್ಷೆಯನ್ನು ಕ್ಲಿನಿಕ್ಕಿಗೇ ಬಿಟ್ಟರೆ ಸಾಲದೇ ಎಂದು ಕೇಳುವವರಿದ್ದಾರೆ. ಸಾಲದು. ಗಾಬರಿಯಾದ ಬೆಕ್ಕಿನ ಸಕ್ಕರೆ ಗಾಬರಿಯಿಂದಲೇ ಏರುತ್ತದೆ; ಬುಟ್ಟಿಯಲ್ಲಿ ಕೂತು, ನಾಯಿ ಬೊಗಳುವುದನ್ನು ಕೇಳುತ್ತಾ ದಿನವಿಡೀ ಕೊಟ್ಟ ರಕ್ತದ ಅಂಕಿ ನೋಡಿ ಡೋಸ್ ಏರಿಸಿದರೆ ಮನೆಗೆ ಬಂದ ಮೇಲೆ ಅದೇ ಲೋ ಶುಗರಿನ ಅಪಾಯ. ಮನೆಯಲ್ಲಿ ಕಿವಿಯಂಚನ್ನು ಬೆಚ್ಚಗೆ ಉಜ್ಜಿ, ತುಸು ವ್ಯಾಸಲಿನ್ ಸವರಿ ಚುಚ್ಚಿದರೆ ರಕ್ತ ಕೂದಲಿಗೆ ಹರಡದೆ ಮಣಿಯಂತೆ ನಿಲ್ಲುತ್ತದೆ, ಸ್ಟ್ರಿಪ್ಪಿಗೆ ಅಷ್ಟು ಸಾಕು. ಮನುಷ್ಯರ ಗ್ಲುಕೋಮೀಟರ್ ಬೆಕ್ಕಿನ ರಕ್ತದಲ್ಲಿ ಸಾಮಾನ್ಯವಾಗಿ ತುಸು ಕಡಿಮೆ ತೋರಿಸುತ್ತದೆ; ಒಂದೇ ಮೀಟರ್ ಬಳಸಿ, ಅದನ್ನು ವೈದ್ಯರಿಗೆ ತಿಳಿಸಿದ್ದರೆ ಏರಿಳಿತ ಗುರುತಿಸಲು ತೊಂದರೆಯಿಲ್ಲ. ಊಟ ಬದಲಿಸುವ ವಾರಗಳಲ್ಲಂತೂ ಈ ಮನೆ ಪರೀಕ್ಷೆಯನ್ನು ಬಿಡುವಂತೆಯೇ ಇಲ್ಲ. ಪಿಷ್ಟ ಇಳಿದರೆ ಇನ್ಸುಲಿನ್ನಿನ ಅಗತ್ಯ ಕೆಲವೇ ದಿನಗಳಲ್ಲಿ ಇಳಿಯಬಹುದು. ವೈದ್ಯರನ್ನು ಕೇಳದೆ ಬಟ್ಟಲು ಬದಲಿಸಿ ಹಳೆಯ ಡೋಸನ್ನೇ ಹಾಕುವುದು ಬಟ್ಟಲು ಬದಲಿಸದಿರುವುದಕ್ಕಿಂತ ಕೆಟ್ಟದ್ದು.

ಮೀನು ಮಾಂಸ ಒಳಗೆ ತರದ ಮನೆಗಳ ತೊಡಕು ನಿಜವಾದದ್ದು. ಡ್ರೈ ಫುಡ್ ಅಂಥ ಮನೆಗಳಿಗೆ ಒಂದು ರಾಜಿ: ಮಾಂಸದ್ದೇ ಆದರೂ ಮಾಂಸದಂತೆ ಕಾಣುವುದಿಲ್ಲ, ನಾರುವುದಿಲ್ಲ. ಪೌಚನ್ನು ಬಾಲ್ಕನಿಯಲ್ಲಿ ಬೇರೆ ತಟ್ಟೆ, ಬೇರೆ ಚಮಚ ಇಟ್ಟು ಹಾಕುವುದಕ್ಕೆ ಅಜ್ಜಿ ಒಪ್ಪಿಯಾರು. ಹಾಲನ್ನ, ಮೊಸರನ್ನಕ್ಕೆ ಮರಳುವುದಂತೂ ಈ ಬೆಕ್ಕಿಗೆ ಸಕ್ಕರೆ ಉಣಿಸಿದಂತೆ. ಮಾಂಸ ಬೇಯಿಸುವ ಮನೆಗಳಲ್ಲಿ ಖರ್ಚು ಇಳಿಸಲು ಬೇಯಿಸಿದ ಕೋಳಿ ಬೆರೆಸಬಹುದು, ಆದರೆ ಅದೊಂದನ್ನೇ ಹಾಕುವಂತಿಲ್ಲ. ಕ್ಯಾಲ್ಸಿಯಂ ಸಾಲದು, ಬೇಯಿಸಿದ ನೀರು ಚೆಲ್ಲಿದರೆ ಟಾರಿನ್ ಎಂಬ ಪೋಷಕಾಂಶ ಹೋಗುತ್ತದೆ; ಟಾರಿನ್ ಕೊರತೆಯಿಂದ ಬೆಕ್ಕಿನ ಹೃದಯ ಹಿಗ್ಗುತ್ತದೆಂದು 1987ರಲ್ಲೇ ತೋರಿಸಲಾಗಿದೆ. ಮನೆಮಂದಿಯ ಚಾಳಿಗಳದ್ದು ಇನ್ನೊಂದು ಕಥೆ. ಮಕ್ಕಳು ಹಾಕುವ ಬಿಸ್ಕತ್ತು, ಪಾಪ ಎಂದು ಹಾಕುವ ಹಾಲು, ಕೊಟ್ಟೆನೋ ಇಲ್ಲವೋ ನೆನಪಿಲ್ಲದೆ ಮತ್ತೊಮ್ಮೆ ಹಾಕುವ ಸೂಜಿ. ಫ್ರಿಜ್ಜಿನ ಬಾಗಿಲಿಗೆ ಒಂದು ಹಾಳೆ ಅಂಟಿಸಿ. ಹೊತ್ತು, ಶುಗರ್, ತಿಂದದ್ದು, ಹಾಕಿದ ಯೂನಿಟ್, ಹಾಕಿದವರ ಹೆಸರು ಬರೆಯಿರಿ. ಬರೆದಿಲ್ಲದಿದ್ದರೆ, ಖಚಿತವಿಲ್ಲದಿದ್ದರೆ ಆ ಹೊತ್ತಿನ ಡೋಸ್ ಬಿಡಿ. ಒಂದು ಡೋಸ್ ತಪ್ಪಿದ್ದಕ್ಕಿಂತ ಎರಡು ಸಲ ಹಾಕಿದ್ದು ಹೆಚ್ಚು ಅಪಾಯ.

ಸೂಜಿಯನ್ನೇ ತಪ್ಪಿಸುವ ಔಷಧಿ ಬಂದಿದೆಯಲ್ಲ ಎಂಬುದು ಕೊನೆಯ ಆಕ್ಷೇಪ. ಬಂದಿದೆ. ಅಮೆರಿಕದಲ್ಲಿ 2022ರ ಡಿಸೆಂಬರಿನಲ್ಲಿ ಬೆಕ್ಸಾಗ್ಲಿಫ್ಲೋಜಿನ್ ಮಾತ್ರೆಗೂ 2023ರಲ್ಲಿ ವೆಲಾಗ್ಲಿಫ್ಲೋಜಿನ್ ದ್ರವಕ್ಕೂ ಬೆಕ್ಕುಗಳಿಗಾಗಿಯೇ ಅನುಮತಿ ಸಿಕ್ಕಿತು, ದಿನಕ್ಕೊಮ್ಮೆ ಬಾಯಿಗೆ ಹಾಕಿದರಾಯಿತು. ಆದರೆ ಅಲ್ಲಿನ ಅನುಮತಿಯ ಷರತ್ತಿನಂತೆ ಹಿಂದೆ ಇನ್ಸುಲಿನ್ ತೆಗೆದುಕೊಂಡ ಬೆಕ್ಕಿಗೆ ಅವು ಸಲ್ಲವು, ಮತ್ತು ರಕ್ತದಲ್ಲಿ ಸಕ್ಕರೆ ಹೆಚ್ಚಿರದಿದ್ದರೂ ಕೀಟೋ ಅಸಿಡೋಸಿಸ್ ಕಾಣಿಸಿಕೊಳ್ಳಬಹುದು. ಅದೇ ಗುಂಪಿನ ಡಪಾಗ್ಲಿಫ್ಲೋಜಿನ್ ಅಪ್ಪನ ಮಾತ್ರೆ ಡಬ್ಬಿಯಲ್ಲೇ ಇದೆ, ಕಾಲು ಭಾಗ ಮುರಿದು ಹಾಕಿದರಾಗದೇ ಎಂಬ ಯೋಚನೆ ಬಂದರೆ ಡಬ್ಬಿ ಮುಚ್ಚಿಡಿ. ಬೆಕ್ಕಿಗೆ ಮಾತ್ರೆಯೋ ಸೂಜಿಯೋ ಎಂಬ ಪ್ರಶ್ನೆಯನ್ನು ಪಶುವೈದ್ಯರ ಮುಂದಿಡಬೇಕಾದದ್ದು ಮೊದಲ ಚುಚ್ಚುಮದ್ದಿಗೆ ಮುಂಚೆ.